ಐದು ಗ್ರಾಂ ಸಕ್ಕರೆ ಮತ್ತು ಆಟದ ಮೈದಾನ

1999ರ ಜನವರಿ 31ರಂದು ಚೆನ್ನೈ ಟೆಸ್ಟ್ ಪಂದ್ಯದಲ್ಲಿ ಭಾರತ ಪಾಕಿಸ್ತಾನದೆದುರು 12 ರನ್ನುಗಳಿಂದ ಸೋತದ್ದು ಹಿರಿಯ ಓದುಗರಿಗೆ ನೆನಪಿರಬಹುದು. 136 ರನ್ ಗಳಿಸಿದ್ದ ಸಚಿನ್ ತೆಂಡೂಲ್ಕರ್ ಹೊಡೆದ ಚೆಂಡನ್ನು ಹಿಡಿದು ಪಂದ್ಯವನ್ನು ತಿರುಗಿಸಿದವರು ನಾಯಕ ವಾಸಿಂ ಅಕ್ರಂ. ಅವರಿಗೆ 1997ರಲ್ಲೇ ಮಧುಮೇಹ ಪತ್ತೆಯಾಗಿತ್ತು, ಇನ್ಸುಲಿನ್ ಚುಚ್ಚಿಕೊಂಡೇ ಆಡುತ್ತಿದ್ದರು ಎಂಬುದು ನನಗಾಗ ತಿಳಿದಿರಲಿಲ್ಲ. ತಿಳಿದಿದ್ದರೆ, ಅದೇ ವರ್ಷ ಕಾಲೇಜಿನ ಖೋ-ಖೋ ತಂಡದಿಂದ ಒಬ್ಬ ಹುಡುಗನನ್ನು ಕೈಬಿಡುತ್ತಿರಲಿಲ್ಲವೇನೋ. ಕ್ರೀಡಾ ಸಮಿತಿಯ ಹೊಣೆ ನನ್ನದಾಗಿತ್ತು. ಅವನ ಚೀಲದಲ್ಲಿ ಸಿರಿಂಜು ಕಂಡು, "ನಿನಗೇಕಪ್ಪಾ ಈ ಓಟ, ಕುಳಿತು ಪಾಯಿಂಟ್ ಬರೆದುಕೋ" ಎಂದಿದ್ದೆ. ಅವನು ಮರುಮಾತಾಡದೆ ಕುಳಿತ.

ನನ್ನ ಹೆದರಿಕೆ ತೀರ ನಿರಾಧಾರವಾದದ್ದೇನೂ ಅಲ್ಲ. ಒಂದು ಲೆಕ್ಕ ಮಾಡಿ ನೋಡಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಲೀಟರಿಗೆ ಹೆಚ್ಚುಕಡಿಮೆ 1 ಗ್ರಾಂ ಗ್ಲೂಕೋಸ್. ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ! ಗ್ರಾಮಿಗೆ 4 ಕಿಲೋಕ್ಯಾಲೊರಿಯಂತೆ ಇದರಿಂದ ದೊರೆಯುವ ಶಕ್ತಿ 20 ಕಿಲೋಕ್ಯಾಲೊರಿ. ಜೋರಾಗಿ ಓಡುವವನಿಗೆ ನಿಮಿಷಕ್ಕೆ 10 ಬೇಕು. ಎರಡೇ ನಿಮಿಷದ ದಾಸ್ತಾನು. ಆರೋಗ್ಯವಂತರಲ್ಲಿ ಓಟ ಶುರುವಾದೊಡನೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ, ಯಕೃತ್ತು ತನ್ನ ಗ್ಲೈಕೋಜನ್ ದಾಸ್ತಾನಿನಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಆದರೆ ಚರ್ಮದಡಿ ಚುಚ್ಚಿದ ಇನ್ಸುಲಿನ್ನನ್ನು ಹಿಂದಕ್ಕೆ ಕರೆಯುವವರು ಯಾರು? ಅದು ತನ್ನ ಪಾಡಿಗೆ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಮೇಲಾಗಿ, ಸಂಕುಚಿಸುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳಬಲ್ಲದು.

ವ್ಯಾಯಾಮವು ಮಧುಮೇಹಕ್ಕೆ ಒಳ್ಳೆಯದೆಂಬ ಅರಿವು ಹಳೆಯದು. ಸುಶ್ರುತ ಸಂಹಿತೆಯು ಪ್ರಮೇಹಿಗಳಿಗೆ ದೂರದ ನಡಿಗೆಯನ್ನೂ ಬಾವಿ ತೋಡುವಂಥ ದುಡಿಮೆಯನ್ನೂ ಹೇಳಿದೆ. ಆದರೆ ದೇಹದಲ್ಲಿ ಇನ್ಸುಲಿನ್ನೇ ಉತ್ಪತ್ತಿಯಾಗದ ಮಕ್ಕಳಿಗೆ ಇದು ಉಪಯೋಗವಿರಲಿಲ್ಲ. ರೋಗ ಕಾಣಿಸಿದ ಒಂದೆರಡು ವರ್ಷಗಳಲ್ಲೇ ಅವರು ಸಾಯುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೋದ 14 ವರ್ಷದ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್ ಮತ್ತು ಸಂಗಡಿಗರ ಇನ್ಸುಲಿನ್ ದೊರೆತ ಮೇಲೆ ಚಿತ್ರವೇ ಬದಲಾಯಿತು.

ಆಟಕ್ಕೆ ಸಂಬಂಧಿಸಿದ ಮುಖ್ಯ ಹೆಜ್ಜೆಯನ್ನು ಇಟ್ಟವರು ಲಂಡನ್ನಿನ ವೈದ್ಯ ಆರ್.ಡಿ. ಲಾರೆನ್ಸ್. ಅವರೇ ಮಧುಮೇಹಿ, 1923ರಲ್ಲಿ ಇನ್ಸುಲಿನ್ ಸಿಕ್ಕಿದ್ದರಿಂದ ಬದುಕುಳಿದವರು. ವ್ಯಾಯಾಮವು ಇನ್ಸುಲಿನ್ನಿನ ಪರಿಣಾಮವನ್ನು ಹೆಚ್ಚಿಸುತ್ತದೆಂದು 1926ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿದರು. ಆಟದ ದಿನ ಇನ್ಸುಲಿನ್ ಕಡಿಮೆ ಮಾಡಬೇಕು, ಇಲ್ಲವೇ ಹೆಚ್ಚು ಪಿಷ್ಟ-ಸಕ್ಕರೆ ತಿನ್ನಬೇಕು. ಇಷ್ಟೇ ಸೂತ್ರ. ನಮ್ಮ ಹುಡುಗನ ಜೇಬಿನಲ್ಲಿ ಬೆಲ್ಲದ ಚೂರುಗಳಿದ್ದವು. ಏಕೆಂದು ನಾನು ಕೇಳಲಿಲ್ಲ.

ಸೂತ್ರವೇನೋ ಸಿಕ್ಕಿತು, ಅಳೆಯುವುದು ಹೇಗೆ? ಅಮೆರಿಕದ ಬಿಲ್ ಟಾಲ್ಬರ್ಟ್‌ಗೆ ಹತ್ತನೆಯ ವಯಸ್ಸಿನಲ್ಲಿ ಮಧುಮೇಹ ಬಂತು. ಕೆಲವು ವರ್ಷ ಆಟವೇ ಬೇಡವೆಂದಿದ್ದ ವೈದ್ಯರು ಕೊನೆಗೆ ಟೆನಿಸ್‌ಗೆ ಒಪ್ಪಿದರು. ಅವರು ಗಾರ್ಡನರ್ ಮುಲ್ಲಾಯ್ ಜೊತೆಗೂಡಿ 1942, 1945, 1946 ಮತ್ತು 1948ರಲ್ಲಿ ಅಮೆರಿಕದ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿ ಗೆದ್ದರು. 80 ವರ್ಷ ಬಾಳಿದರು. ಆ ಕಾಲದ ರೋಗಿಗಳ ಕೈಯಲ್ಲಿದ್ದ ಸಾಧನವೆಂದರೆ ನೀವು ಪ್ರಯೋಗಶಾಲೆಯಲ್ಲಿ ಬಳಸುವ ಅದೇ ಬೆನೆಡಿಕ್ಟ್ ದ್ರಾವಣ. ಮೂತ್ರದ ಹನಿಗಳನ್ನು ಹಾಕಿ ಕುದಿಸಿದರೆ ನೀಲಿಯಿಂದ ಹಸಿರು, ಹಳದಿ, ಇಟ್ಟಿಗೆ ಕೆಂಪು. ಆದರೆ ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರದಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆದ್ದರಿಂದ ಸಕ್ಕರೆ 90 ಇದ್ದರೂ ನೀಲಿ, ಅಪಾಯಕಾರಿಯಾಗಿ 40 ಇದ್ದರೂ ನೀಲಿ! ಆಟಗಾರನಿಗೆ ಬೇಕಾದ ಉತ್ತರವನ್ನೇ ಈ ಪರೀಕ್ಷೆ ಕೊಡುತ್ತಿರಲಿಲ್ಲ. ಬೆವರು, ನಡುಕ, ತಲೆ ಮಂಕಾಗುವುದು, ಇವೇ ಅವನ ಮಾಪಕಗಳು.

ಬಿಡುಗಡೆ ದೊರೆತದ್ದು ಭೌತಶಾಸ್ತ್ರದ ಕಡೆಯಿಂದ (ಈ ಜಂಬಕ್ಕೆ ಕ್ಷಮೆಯಿರಲಿ). ಕಿಣ್ವ ಲೇಪಿಸಿದ ಪಟ್ಟಿಗೆ ರಕ್ತದ ಹನಿ ಬಿದ್ದಾಗ ಮೂಡುವ ಬಣ್ಣದ ಮೇಲೆ ಬೆಳಕು ಹಾಯಿಸಿ, ಪ್ರತಿಫಲಿತ ಬೆಳಕನ್ನು ಅಳೆಯುವ ಉಪಕರಣ 1970ರ ಸುಮಾರಿಗೆ ಬಂತು. ಮುಂದೆ ಬೆಳಕಿನ ಬದಲು ವಿದ್ಯುತ್ ಪ್ರವಾಹವನ್ನೇ ಅಳೆಯುವ ಅಂಗೈಯಗಲದ ಮೀಟರುಗಳು, ಬಳಿಕ ಚರ್ಮದಡಿ ಕುಳಿತು ಕೆಲವೇ ನಿಮಿಷಗಳಿಗೊಮ್ಮೆ ವರದಿ ಕೊಡುವ ಸಂವೇದಕಗಳು ಬಂದವು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ ತಂಡ 0.38 ಸೆಕೆಂಡಿನ ಅಂತರದಲ್ಲಿ ಗೆದ್ದು, ಅವರಿಗೆ ಐದನೆಯ ಚಿನ್ನ ತಂದಿತು. ಅವರಿಗೂ ಮಧುಮೇಹ ತಿಳಿದದ್ದು 1997ರಲ್ಲೇ. ಅದೇ ಸಿಡ್ನಿಯಲ್ಲಿ ಈಜುಗಾರ ಗ್ಯಾರಿ ಹಾಲ್ ಜೂನಿಯರ್, ಹಿಂದಿನ ವರ್ಷವಷ್ಟೇ ರೋಗ ಪತ್ತೆಯಾಗಿದ್ದರೂ, 50 ಮೀಟರ್ ಫ್ರೀಸ್ಟೈಲ್ ಚಿನ್ನವನ್ನು ಹಂಚಿಕೊಂಡರು.

ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಯಲ್ಲಿ ಇಂಥ ಮಗುವಿದ್ದರೆ ವೈದ್ಯರು ಆಟದ ಬಗ್ಗೆ ಏನು ಹೇಳಿದ್ದಾರೆಂದು ಹೆತ್ತವರಿಂದ ಬರೆಸಿಕೊಳ್ಳಿ. ಸಕ್ಕರೆ ತೀರ ಏರಿರುವ ದಿನವೂ ಓಟ ಸಲ್ಲದು ಎಂಬುದು ನೆನಪಿರಲಿ. ಆಟದ ನಡುವೆ ಮಗು ಬೆವತು, ನಡುಗಿ, ತಡವರಿಸಿ ಮಾತಾಡಿದರೆ ಮೊದಲು ಸಕ್ಕರೆ ಅಥವಾ ಗ್ಲೂಕೋಸ್ ಕೊಡಿ, ಪ್ರಶ್ನೆಗಳು ಆಮೇಲೆ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.