ಮರಳಿನ ಕೆಳಗಣ ಸಕ್ಕರೆ

ಕಾಫಿಪುಡಿಗೆ ಚಿಕೋರಿ ಬೆರಸುವುದು ಸಲ್ಲುವ ಕೆಲಸವೆ ಅಲ್ಲವೆ ಎಂಬ ವ್ಯಾಜ್ಯ ನಮ್ಮ ಮನೆಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೆರಸಿದರೆ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಬಣ್ಣ ಕಟ್ಟುತ್ತದೆ ಎನ್ನುವವರದು ಒಂದು ಪಕ್ಷ. ಹುರಿದ ಬೇರನ್ನು ಕಾಫಿಬೀಜದ ಬೆಲೆಗೆ ತೂಗುವ ಅಂಗಡಿಯವನ ಉಪಾಯ ಅದು ಎನ್ನುವವರದು ಇನ್ನೊಂದು. ಈ ಉಭಯಪಕ್ಷದವರೂ ಸಾಮಾನ್ಯವಾಗಿ ನೆನೆಯದಿರುವ ಸಂಗತಿಯೆಂದರೆ, ಜರ್ಮನಿಯ ಕೆಲವೆಡೆಗಳಲ್ಲಿ ಮೊದಲೇ ಪರಿಚಿತವಾಗಿದ್ದ ಆ ಬೇರು ಯೂರೋಪಿನ ಮನೆಮನೆಯ ಪಾತ್ರೆಯನ್ನು ಹೊಕ್ಕದ್ದು ರುಚಿಯ ದಾರಿಯಿಂದಲ್ಲ, ರಾಜಾಜ್ಞೆಯ ದಾರಿಯಿಂದ ಎಂಬುದು. ಹಡಗಿನಿಂದ ಕಾಫಿಬೀಜ ಇಳಿಯಕೂಡದೆಂದು ಒಬ್ಬ ಚಕ್ರವರ್ತಿ ಕಟ್ಟಪ್ಪಣೆ ಮಾಡಿದ. ಕಾಫಿಯ ಚಟ ಹತ್ತಿದ್ದ ಜನ ಬೇರನ್ನು ಹುರಿದುಕೊಂಡರು. ಅಪ್ಪಣೆ ಹೋಯಿತು, ಚಕ್ರವರ್ತಿಯೂ ಹೋದ, ಬೇರು ಉಳಿಯಿತು.

ಆ ಅಪ್ಪಣೆ ಹೊರಟದ್ದು 1806ನೆಯ ಇಸವಿ ನವೆಂಬರ್ 21ರಂದು, ಬರ್ಲಿನ್ ನಗರದಿಂದ. ಯೇನಾ ಎಂಬಲ್ಲಿ ಪ್ರಷ್ಯದ ಸೈನ್ಯವನ್ನು ಧೂಳೀಪಟ ಮಾಡಿ, ಸೋತ ದೊರೆಯ ರಾಜಧಾನಿಯಲ್ಲಿಯೇ ಕುಳಿತು ನೆಪೋಲಿಯನ್ ಸಾರಿದುದೇನೆಂದರೆ, ಬ್ರಿಟಿಷ್ ದ್ವೀಪಗಳು ಇನ್ನು ದಿಗ್ಬಂಧನಕ್ಕೊಳಗಾಗಿವೆ, ಅವುಗಳೊಡನೆ ವ್ಯಾಪಾರವಾಗಲಿ ಪತ್ರವ್ಯವಹಾರವಾಗಲಿ ನಿಷಿದ್ಧ, ಅಲ್ಲಿಯ ಸರಕು ಎಲ್ಲಿ ಸಿಕ್ಕರೂ ಮುಟ್ಟುಗೋಲು. ಇದರಲ್ಲಿ ಒಂದು ಕೌತುಕವಿದೆ. ಒಂದು ವರ್ಷದ ಹಿಂದೆಯಷ್ಟೆ ಟ್ರಫಾಲ್ಗರ್ ಕದನದಲ್ಲಿ ಫ್ರಾನ್ಸಿನ ನೌಕಾಬಲ ನುಚ್ಚುನೂರಾಗಿತ್ತು. ಸಮುದ್ರದ ಮೇಲೆ ಒಂದು ಹರದಾರಿಯೂ ತನ್ನದಲ್ಲದವನು ಸಮುದ್ರದ ನಡುವಣ ರಾಜ್ಯಕ್ಕೆ ಮುತ್ತಿಗೆ ಹಾಕಿದ್ದ. ಹಡಗಿಲ್ಲದವನು ಕಡಲನ್ನು ಮುಚ್ಚಬೇಕಾದರೆ ಉಳಿದಿರುವುದು ಒಂದೇ ಉಪಾಯ, ದಡವನ್ನೆಲ್ಲ ಮುಚ್ಚುವುದು. ಇಟಲಿಯಿಂದ ಬಾಲ್ಟಿಕ್ಕಿನವರೆಗಿನ ಪ್ರತಿಯೊಂದು ರೇವಿನಲ್ಲಿಯೂ ಫ್ರೆಂಚ್ ಸುಂಕದವನನ್ನು ನಿಲ್ಲಿಸುವ ಈ ಮಹೋದ್ಯಮಕ್ಕೆ ಭೂಖಂಡ ವ್ಯವಸ್ಥೆಯೆಂಬ ಗಂಭೀರ ನಾಮಕರಣವಾಯಿತು. ಇಂಗ್ಲೆಂಡೇನೂ ಸುಮ್ಮನಿರಲಿಲ್ಲ. ಯಾವ ದೇಶದ ಹಡಗೇ ಆಗಲಿ ಶತ್ರುವಿನ ರೇವಿಗೆ ಹೋಗಬೇಕಾದರೆ ಮೊದಲು ತನ್ನ ರೇವಿಗೆ ಬಂದು ಸುಂಕ ತೆತ್ತು ಹೋಗಬೇಕೆಂದು ಅದು 1807ರ ನವೆಂಬರಿನಲ್ಲಿ ವಿಧಿಸಿತು. ಹಾಗೆ ಸುಂಕ ತೆತ್ತ ಹಡಗು ತನಗೆ ಶತ್ರುವೇ ಸರಿಯೆಂದು ಮಿಲಾನಿನಿಂದ ಡಿಸೆಂಬರಿನಲ್ಲಿ ನೆಪೋಲಿಯನ್ ಉತ್ತರ ಕೊಟ್ಟ.

ಈ ಆಜ್ಞೆಗಳು ಕಾಗದದಿಂದ ಕೆಳಗಿಳಿದು ಜನರ ಅಡಿಗೆಮನೆಯನ್ನು ಹೊಕ್ಕ ಬಗೆ ಹ್ಯಾಂಬರ್ಗ್ ನಗರದಲ್ಲಿ ಕಾಣಿಸುವಷ್ಟು ಸ್ಫುಟವಾಗಿ ಬೇರೆಡೆ ಕಾಣಿಸಲಾರದು. ಎಲ್ಬೆ ನದಿಯ ದಡದ ಆ ಊರು ಬದುಕಿದ್ದುದೇ ಹೊರಗಿನ ಸರಕಿನಿಂದ. ಅಲ್ಲಿ ಕಡಲಾಚೆಯ ಕಂದುಸಕ್ಕರೆಯನ್ನು ಶುದ್ಧಿಮಾಡುವ ಕಾರ್ಖಾನೆಗಳು ನೂರಾರು ಇದ್ದುವು; ಬಟ್ಟೆಗೆ ಅಚ್ಚುಹಾಕುವವರು, ಹಡಗು ತುಂಬುವವರು, ಇಳಿಸುವವರು, ಅವರನ್ನು ನಂಬಿದ ಪೀಪಾಯಿ ಕಟ್ಟುವವರು ಸಹಸ್ರಾರು. ಫ್ರೆಂಚ್ ಸೈನ್ಯ ಒಳಹೊಕ್ಕ ಕೆಲವೇ ವರ್ಷಗಳಲ್ಲಿ ಆ ಕಾರ್ಖಾನೆಗಳ ಒಲೆಗಳಲ್ಲಿ ಬಹುಪಾಲು ಆರಿಹೋದುವು. ಕೆಲಸ ತಪ್ಪಿದ ಜನ ಏನು ಮಾಡಿದರೆಂಬುದನ್ನು ಅಲ್ಲಿ ನೆಪೋಲಿಯನ್ನನ ರಾಯಭಾರಿಯಾಗಿದ್ದ ಬೂರ್ಯೆನ್ ತನ್ನ ಸ್ಮೃತಿಗ್ರಂಥದಲ್ಲಿ ವರ್ಣಿಸಿದ್ದಾನೆ. ಈ ಮಹಾಶಯ ಲಂಚಕೋರನೆಂಬ ಆಪಾದನೆಗೆ ತಾನೇ ಗುರಿಯಾದವನು, ಒಡೆಯನ ಮೇಲೆ ಮುನಿಸು ಉಳ್ಳವನು. ಅವನ ಮಾತಿಗೆ ಸ್ವಲ್ಪ ಚಿಕೋರಿ ಬೆರೆತಿರಬಹುದೆಂಬ ಎಚ್ಚರದೊಡನೆಯೇ ಓದಬೇಕು. ಹ್ಯಾಂಬರ್ಗಿಗೆ ಅಂಟಿಕೊಂಡಂತಿದ್ದ ಆಲ್ಟೋನ ಡೆನ್ಮಾರ್ಕ್ ದೊರೆಗೆ ಸೇರಿದ್ದ ಊರಾದುದರಿಂದ ಅಲ್ಲಿ ಸಕ್ಕರೆ ಸಿಕ್ಕುತ್ತಿತ್ತು. ಎರಡೂರುಗಳ ನಡುವಣ ದಾರಿಯ ಪಕ್ಕದ ಹಳ್ಳದಿಂದ ರಸ್ತೆಯ ದುರಸ್ತಿಗೆಂದು ಗಾಡಿಗಳಲ್ಲಿ ಮರಳು ಸಾಗಿಸುವುದು ಅಲ್ಲಿಯ ರೂಢಿ; ಜನ ರಾತ್ರಿಯ ಹೊತ್ತು ಆ ಹಳ್ಳಕ್ಕೆ ಕಂದುಸಕ್ಕರೆಯನ್ನು ಸುರಿದು, ಮೇಲೊಂದು ಪದರ ಮರಳು ಹರಡಿ, ಬೆಳಗಾದ ಮೇಲೆ ಸುಂಕದವರ ಕಣ್ಣೆದುರಿನಲ್ಲಿಯೇ ಗಾಡಿ ಹೊಡೆದುಕೊಂಡು ಬಂದರು. ಆ ಗುಟ್ಟು ಬಯಲಾಗಲು ಬೇರೊಂದು ಉಪಾಯ ಹೂಡಿದರು. ಊರ ಹೊರಗಣ ಕೇರಿಯಲ್ಲಿ ಒಮ್ಮೆಲೆ ಸಾವುಗಳು ಹೆಚ್ಚತೊಡಗಿದುವು. ದಿನಕ್ಕೆ ಹಲವು ಶವಯಾತ್ರೆಗಳು, ಹಿಂದೆ ಶೋಕವಸ್ತ್ರ ತೊಟ್ಟ ಬಂಧುಗಳು. ಯಾವ ಸಾಂಕ್ರಾಮಿಕವೂ ಇಲ್ಲದೆ ಇಷ್ಟು ಜನ ಸಾಯುವುದೆಂತು ಎಂದು ಕೊನೆಗೊಬ್ಬ ಸುಂಕದವನಿಗೆ ಸಂಶಯ ಬಂದು ಶವದ ಬಂಡಿಯನ್ನು ತೆರೆಸಿ ನೋಡಲಾಗಿ, ಒಳಗೆ ಸಕ್ಕರೆ, ಕಾಫಿ, ವೆನಿಲ್ಲಾ, ನೀಲಿ. ಮಹಾಯುದ್ಧದ ರೇಷನ್ನಿನ ದಿನಗಳನ್ನು ಕಂಡ ನಮ್ಮವರಿಗೆ ಇಂಥ ಜಾಣ್ಮೆ ಅಪರಿಚಿತವಾಗಿರಲಿಲ್ಲ.

ಅದೇ ಬೂರ್ಯೆನ್ ಹೇಳುವ ಮತ್ತೊಂದು ಸಂಗತಿ ನಗಿಸುವಂಥದಲ್ಲ. 1807ರಲ್ಲಿ ಚಕ್ರವರ್ತಿಯ ಸೈನ್ಯಕ್ಕೆ 50,000 ಮೇಲಂಗಿಗಳನ್ನು ಒಡನೆಯೆ ಒದಗಿಸಬೇಕೆಂದು ಅವನಿಗೆ ಆಜ್ಞೆ ಬಂತು. ಅಷ್ಟು ಬಟ್ಟೆ ಅಷ್ಟು ಬೇಗ ಸಿಕ್ಕುವುದು ಇಂಗ್ಲೆಂಡಿನಿಂದ ಮಾತ್ರ, ಅಲ್ಲಿಂದಲೇ ತರಿಸಿದ. ಇಂಗ್ಲಿಷರ ಬಟ್ಟೆ ಮುಟ್ಟಿದವನು ಅಪರಾಧಿಯೆಂದು ಸಾರಿದ ಸೈನ್ಯ ಇಂಗ್ಲಿಷರ ಬಟ್ಟೆಯನ್ನೇ ತೊಟ್ಟು ಹಿಮದಲ್ಲಿ ನಡೆಯಿತು. ಮುಂದೆ 1810ರ ಅಂತ್ಯದಲ್ಲಿ ಹ್ಯಾಂಬರ್ಗ್ ಫ್ರೆಂಚ್ ಸಾಮ್ರಾಜ್ಯದಲ್ಲಿಯೇ ಸೇರಿಹೋಗಿ, ದಾವೂ ಎಂಬ ಕಠಿನಹೃದಯದ ಸೇನಾನಿ ಅಲ್ಲಿಯ ಅಧಿಕಾರಿಯಾಗಿ ಬಂದ ಮೇಲೆ, ಮನೆಯವರ ಸಲುವಾಗಿ ಸಕ್ಕರೆಯ ಸಣ್ಣದೊಂದು ಅಚ್ಚನ್ನು ತಂದ ಬಡವನೊಬ್ಬನಿಗೆ ಗುಂಡೇಟಿನ ಶಿಕ್ಷೆ ಕೂದಲೆಳೆಯಷ್ಟರಲ್ಲಿ ತಪ್ಪಿತಂತೆ. ಅದೇ ಗಳಿಗೆಯಲ್ಲಿ ನೆಪೋಲಿಯನ್ ಇಂಥ ಹತ್ತು ಲಕ್ಷ ಅಚ್ಚುಗಳ ಆಮದಿಗೆ ರಹದಾರಿ ಬರೆದು ರುಜು ಹಾಕುತ್ತಿದ್ದಿರಬಹುದೆಂದು ಬೂರ್ಯೆನ್ ಸೇರಿಸುತ್ತಾನೆ.

ರಹದಾರಿ ಎಂಬ ಈ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ದಿಗ್ಬಂಧನವೆಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರ ಕೋಟೆಗೋಡೆಯದು, ಒಳಗಿದ್ದವರೆಲ್ಲ ದೊರೆಯೂ ದಾಸಿಯೂ ಸಮನಾಗಿ ಉಪವಾಸವಿರುವ ಚಿತ್ರ. ವಸ್ತುತಃ ಅದು ಗೋಡೆಯಾಗಿರಲಿಲ್ಲ, ಸುಂಕದ ಕಟ್ಟೆಯಾಗಿತ್ತು. ಇಂಗ್ಲೆಂಡಿನ ಸರಕಾರ ತಾನು ಹಾಕಿದ ನಿರ್ಬಂಧವನ್ನು ದಾಟಿಹೋಗಲು 1810ನೆಯ ವರ್ಷವೊಂದರಲ್ಲಿಯೇ ಸುಮಾರು 18,000 ರಹದಾರಿಗಳನ್ನು ಕೊಟ್ಟಿತು. ನೆಪೋಲಿಯನ್ನನೂ ಹಿಂದೆ ಬೀಳಲಿಲ್ಲ. ಅದೇ ವರ್ಷ ಆಗಸ್ಟಿನ ಶಾಸನದಲ್ಲಿ ಆತ ಸಕ್ಕರೆ ಕಾಫಿಗಳ ಮೇಲೆ ಭಾರಿ ಸುಂಕ ವಿಧಿಸಿ, ಹಣ ತೆತ್ತರೆ ಪಾಪ ಪರಿಹಾರವಾಗುವಂತೆ ಏರ್ಪಡಿಸಿದ; ಅಕ್ಟೋಬರಿನ ಶಾಸನದಿಂದ ಇಂಗ್ಲೆಂಡಿನ ಬಟ್ಟೆಬರೆಗಳನ್ನು ಊರ ಚೌಕಗಳಲ್ಲಿ ಸುಡಿಸಿದ. ಬಟ್ಟೆ ಸುಡುವ ಬೆಂಕಿಯನ್ನು ಹರಕು ತೊಟ್ಟವರು ನಿಂತು ನೋಡಬೇಕಾಯಿತು. ಇದಕ್ಕಿಂತ ಸೋಜಿಗದ ಸಂಗತಿ, ಇಂಗ್ಲೆಂಡಿನಲ್ಲಿ ಬೆಳೆ ಕೆಟ್ಟು ರೊಟ್ಟಿಯ ಬೆಲೆ ಏರಿದ್ದ ಆ ಸಮಯದಲ್ಲಿ ಫ್ರಾನ್ಸಿನ ಗೋಧಿ ಇಂಗ್ಲೆಂಡಿಗೆ ಹೋಯಿತು, ಅದೂ ಚಕ್ರವರ್ತಿಯ ಅನುಮತಿಯಿಂದಲೇ. ಶತ್ರುವಿನ ಚಿನ್ನ ಬರಿದಾಗುತ್ತದೆ, ತನ್ನ ರೈತನ ಧಾನ್ಯ ಮಾರಾಟವಾಗುತ್ತದೆ ಎಂಬುದು ಆತನ ಲೆಕ್ಕಾಚಾರ. ಹೀಗೆ ಹಗೆಗಳಿಬ್ಬರೂ ತಮ್ಮ ತಮ್ಮ ಬಾಗಿಲಿನ ಕೀಲಿಕೈಯನ್ನು ತಮ್ಮ ಸೊಂಟದಲ್ಲಿಯೇ ಇಟ್ಟುಕೊಂಡಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆಯನ್ನು ಎಲ್ಬೆಯ ದಡದವರಿಗೆ ಅರ್ಥಮಾಡಿಸಲು ಯಾವ ವ್ಯಾಖ್ಯಾನವೂ ಬೇಕಾಗುತ್ತಿರಲಿಲ್ಲ.

ಸರಕಾರಗಳಿಗೆ ಪೆಟ್ಟೇ ಬೀಳಲಿಲ್ಲವೆ ಎಂದು ಕೇಳಬಹುದು. ಬಿತ್ತು, ಅಲ್ಲವೆಂದರೆ ಸುಳ್ಳಾಗುತ್ತದೆ. ಇಂಗ್ಲೆಂಡಿಗೆ ಮರ, ಸೆಣಬು, ಅಗಸೆನಾರುಗಳನ್ನು ಮಾರಿ ಬದುಕುತ್ತಿದ್ದ ರಷ್ಯದ ಜಮೀನುದಾರರು ನಷ್ಟ ತಾಳದೆ ಗೊಣಗಿದ್ದರಿಂದ, ಜಾರ್ ಅಲೆಗ್ಸಾಂಡರ್ 1810ರ ಕೊನೆಯ ದಿನ ಶಾಸನ ಹೊರಡಿಸಿ ತಟಸ್ಥರ ಹಡಗುಗಳಿಗೆ ರೇವು ತೆರೆದ. ಆ ಬಿರುಕೇ ಬೆಳೆದು 1812ರ ದಂಡಯಾತ್ರೆಯಾಗಿ, ನೆಪೋಲಿಯನ್ನನ ವಿನಾಶಕ್ಕೆ ಕಾರಣಗಳಲ್ಲಿ ಒಂದಾಯಿತು. ಇಂಗ್ಲೆಂಡಿನ ಮಂತ್ರಿಮಂಡಲವೂ ಅದೇ ವರ್ಷದ ಜೂನ್ ತಿಂಗಳಲ್ಲಿ ತನ್ನ ಆಜ್ಞೆಗಳನ್ನು ಹಿಂತೆಗೆದುಕೊಂಡಿತು. ಆದರೆ ಈ ಪೆಟ್ಟು ಬಂದುದು ಯಾವ ಮಾರ್ಗವಾಗಿ? ಲ್ಯಾಂಕಾಶೈರಿನ ನೇಕಾರನ ಮಗ್ಗ ನಿಂತು, ಮನೆಯ ಪಾತ್ರೆ ಅಡವಿಗೆ ಹೋಗಿ, ನಾಟಿಂಗ್‌ಹ್ಯಾಮಿನ ಕೆಲಸಗಾರರು ರಾತ್ರಿ ಯಂತ್ರಗಳನ್ನು ಒಡೆದು, ಯಂತ್ರ ಒಡೆದವನಿಗೆ ಮರಣದಂಡನೆಯೆಂದು ಪಾರ್ಲಿಮೆಂಟು ಶಾಸನ ಮಾಡಿ, ಕೊನೆಗೆ ಕಾರ್ಖಾನೆಯ ಧನಿಕರೂ ಅರ್ಜಿ ಹಿಡಿದು ನಿಂತ ಮೇಲೆ. ಪ್ರಭುವಿನ ಕಿವಿಗೆ ಮುಟ್ಟುವ ಮೊದಲು ಆ ನೋವು ಅಷ್ಟು ಮೈಗಳನ್ನು ಹಾದುಬರಬೇಕಾಯಿತು. ಬೀಟ್‌ಗೆಡ್ಡೆಯ ಸಕ್ಕರೆಯಂಥ ಲಾಭವೂ ಈ ಕಾಲದಿಂದ ಹುಟ್ಟಿತೆಂದು ಹೇಳುವವರಿದ್ದಾರೆ, ಅದು ದಿಟವೇ. 1812ರ ಜನವರಿಯಲ್ಲಿ ದೆಲೆಸೇರ್ ಎಂಬ ಉದ್ಯಮಿಯ ಬೀಟ್‌ಸಕ್ಕರೆಯ ಕಾರ್ಖಾನೆಗೆ ತಾನೇ ಹೋಗಿ ನೆಪೋಲಿಯನ್ ತನ್ನ ಎದೆಯ ಪದಕವನ್ನು ತೆಗೆದು ಅವನಿಗೆ ತೊಡಿಸಿದ.

ಈ ಕಥೆಯಲ್ಲಿ ಪದಕವೂ ಅರ್ಜಿಯೂ ಇಲ್ಲದ ಮೂಲೆಯೊಂದಿದೆ. ನಾರ್ವೆ ಆಗ ಸ್ವತಂತ್ರ ರಾಜ್ಯವಲ್ಲ, ಡೆನ್ಮಾರ್ಕಿನ ದೊರೆಗೆ ಅಧೀನ. 1807ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರು ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆ ಸುರಿಸಿ ಡೆನ್ಮಾರ್ಕಿನ ನೌಕಾಪಡೆಯನ್ನೇ ಎಳೆದೊಯ್ದುದರಿಂದ, ಆ ದೊರೆ ನೆಪೋಲಿಯನ್ನನ ಪಕ್ಷ ಸೇರಿದ. ನಾರ್ವೆಯ ಜನವೂ ತಾವರಿಯದೆ ಇಂಗ್ಲೆಂಡಿನ ಶತ್ರುಗಳಾದರು. ಬಂಡೆ, ಕಾಡು, ಹಿಮಗಳ ಆ ನಾಡಿನಲ್ಲಿದ್ದವರು ಒಂಬತ್ತು ಲಕ್ಷ ಜನ. ಅವರ ಹೊಲ ಅವರ ಹೊಟ್ಟೆಗೆ ಸಾಲದು. ಮರ ಮೀನುಗಳನ್ನು ಮಾರಿ ಡೆನ್ಮಾರ್ಕಿನ ಧಾನ್ಯ ತರುವುದು ತಲೆಮಾರುಗಳ ಪದ್ಧತಿ. ನಡುವಣ ಸ್ಕಾಗೆರಾಕ್ ಕಡಲಿನಲ್ಲಿ ಇಂಗ್ಲಿಷ್ ಹಡಗುಗಳು ಕಾವಲು ನಿಂತುವು. 1808ರಲ್ಲಿ ಬೆಳೆಯೂ ಕೈಕೊಟ್ಟಿತು. ಮರುವರ್ಷ ದಕ್ಷಿಣ ತೀರದ ಬೆಸ್ತರೂ ನಾವಿಕರೂ ತೆರೆದ ದೋಣಿಗಳಲ್ಲಿ, ಕಾವಲಿನ ಕಣ್ಣು ತಪ್ಪಿಸಿ, ಆ ಕಡಲನ್ನು ಹುಟ್ಟುಹಾಕಿಯೇ ದಾಟಿ ಕೆಲವು ಪೀಪಾಯಿ ಜವೆಗೋಧಿಗಾಗಿ ಡೆನ್ಮಾರ್ಕಿಗೆ ಹೋದರು. ಕೆಲವರು ಮರಳಿದರು. ಕೆಲವರು ಮುಳುಗಿದರು. ಕಡಲಿನಲ್ಲಿ ಸಿಕ್ಕಿಬಿದ್ದ ಸಾವಿರಾರು ಮಂದಿ ಇಂಗ್ಲೆಂಡಿನ ಸೆರೆಹಡಗುಗಳಲ್ಲಿ ವರ್ಷಗಟ್ಟಲೆ ಕೊಳೆತರು. ತಾರುಣ್ಯದಲ್ಲಿ ಗ್ರಿಮ್‌ಸ್ಟಾಡ್ ಎಂಬ ಆ ತೀರದ ಊರಿನಲ್ಲಿ ಔಷಧದಂಗಡಿಯ ಕೆಲಸಕ್ಕಿದ್ದ ಹೆನ್ರಿಕ್ ಇಬ್ಸೆನ್ ಮುಂದೆ 1862ರಲ್ಲಿ ಪ್ರಕಟಿಸಿದ ‘ತೆರ್ಯೆ ವೀಗೆನ್’ ಎಂಬ ಕಥನಕಾವ್ಯದ ನಾಯಕ ಇಂಥವನೇ: ಹೆಂಡತಿ ಮಗುವಿಗೆಂದು ಮೂರು ಪೀಪಾಯಿ ಧಾನ್ಯ ತಂದು, ಮನೆಯ ಹತ್ತಿರ ಬಂದಾಗ ಸಿಕ್ಕಿಬಿದ್ದು, ಶಾಂತಿಯಾದ ಮೇಲೆ ಬಿಡುಗಡೆ ಹೊಂದಿ ಬಂದರೆ ಇಬ್ಬರೂ ಮಣ್ಣಾಗಿದ್ದರು.

ಅದೇ 1809ರಲ್ಲಿ ಇಂಗ್ಲೆಂಡ್ ನಾರ್ವೆಯವರಿಗೂ ರಹದಾರಿ ಕೊಡತೊಡಗಿತು. ಕರುಣೆಯಿಂದಲ್ಲ, ಬಾಲ್ಟಿಕ್ಕಿನ ಮರ ದುರ್ಲಭವಾಗಿ ಇಂಗ್ಲೆಂಡಿಗೆ ಹಲಗೆಯ ಬರ ಬಂದಿತ್ತು. ಡೆನ್ಮಾರ್ಕಿನ ದೊರೆಯೂ ಸಮ್ಮತಿಸಿದ. ಮೂರು ವರ್ಷ ಪೈನ್ ಮರದ ಹಲಗೆಗಳು ಶತ್ರುವಿನ ರೇವಿಗೆ ಹೋದುವು. ಕ್ರಿಸ್ತಿಯಾನಿಯ ಪಟ್ಟಣದ ಮರದ ವರ್ತಕರು ಸಂಪನ್ನರಾದರು, ಧಾನ್ಯವೂ ಅಷ್ಟಿಷ್ಟು ಬಂತು. 1812ರಲ್ಲಿ ಬಾಗಿಲು ಮತ್ತೆ ಮುಚ್ಚಿತು. ಆ ಬೇಸಿಗೆಯೇ ಇಬ್ಬನಿ ಹೆಪ್ಪುಗಟ್ಟಿ ಪೈರು ಕರಿಕಾಯಿತು. ಒಳನಾಡಿನ ಕಣಿವೆಗಳ ಜನ ತಮ್ಮ ಪೂರ್ವಿಕರು ಕ್ಷಾಮದಲ್ಲಿ ಮಾಡುತ್ತಿದ್ದಂತೆ ಕೊಡಲಿ ಹಿಡಿದು ಕಾಡಿಗೆ ಹೋಗಿ, ಅದೇ ಪೈನ್ ಮರದ ಹೊರತೊಗಟೆಯನ್ನು ಕೆತ್ತಿ, ಒಳಗಣ ತೆಳುಪದರವನ್ನು ಸುಲಿದು ತಂದು, ಒಣಗಿಸಿ, ಬೀಸಿ, ಉಳಿದಿದ್ದ ಹಿಟ್ಟಿಗೆ ಬೆರಸಿ ರೊಟ್ಟಿ ತಟ್ಟಿದರು. ಸುತ್ತ ಸುಲಿದ ಮರ ಬದುಕುವುದಿಲ್ಲ. ಮರುವರ್ಷಕ್ಕೆ ಅದು ಹಲಗೆಗೂ ಇಲ್ಲ, ರೊಟ್ಟಿಗೂ ಇಲ್ಲ.