ರೋಮ್: ಬರೆದ ಅಕ್ಷರ, ಅಳಿಸಿದ ಅಕ್ಷರ

ಟೈಬರ್ ನದಿಯ ದಡದಲ್ಲಿರುವ ರೋಮ್ ನಗರವನ್ನು ಕ್ರಿ.ಪೂ. 753ರಲ್ಲಿ ರೊಮ್ಯುಲಸನು ಸ್ಥಾಪಿಸಿದನೆಂಬುದು ಅಲ್ಲಿಯ ಐತಿಹ್ಯ. ಅರಸೊತ್ತಿಗೆ, ಗಣರಾಜ್ಯ, ಸಾಮ್ರಾಜ್ಯ, ಪೋಪರ ಆಳ್ವಿಕೆ ಇವೆಲ್ಲವನ್ನೂ ಕಂಡ ಆ ನಗರವು 1871ರಲ್ಲಿ ಏಕೀಕೃತ ಇಟಲಿಯ ರಾಜಧಾನಿಯಾಯಿತು. ಅದರ ಚರಿತ್ರೆಗೆ ಗ್ರಂಥಗಳಂತೆ ಶಾಸನಗಳೂ ಮುಖ್ಯ ಆಕರ. ಆದರೆ ಶಾಸನದ ಮಾತನ್ನು ಕಟ್ಟಡದ ಸಾಕ್ಷ್ಯದೊಡನೆ ತಾಳೆ ನೋಡದಿದ್ದರೆ ಕಲ್ಲಿನ ಬರಹವೂ ದಾರಿ ತಪ್ಪಿಸಬಲ್ಲದು.

ಪ್ಯಾಂಥಿಯನ್ ದೇವಾಲಯ ಇದಕ್ಕೆ ಪ್ರಸಿದ್ಧ ನಿದರ್ಶನ. ಮೂರನೆಯ ಬಾರಿ ಕಾನ್ಸಲ್ ಆಗಿದ್ದ ಅಗ್ರಿಪ್ಪನು ಇದನ್ನು ಕಟ್ಟಿಸಿದನೆಂದು ಅದರ ಮುಖಮಂಟಪದ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೆತ್ತಲಾಗಿದೆ. ಅದನ್ನೇ ನಂಬಿದರೆ ಕಟ್ಟಡದ ಕಾಲ ಕ್ರಿ.ಪೂ. 27ರ ಸುಮಾರು. ಆದರೆ 19ನೆಯ ಶತಮಾನದ ಕೊನೆಯಲ್ಲಿ ಗೋಡೆಯ ಇಟ್ಟಿಗೆಗಳ ಮೇಲಿನ ಮುದ್ರೆಗಳನ್ನು ಪರಿಶೀಲಿಸಿದಾಗ ಅವು ಕ್ರಿ.ಶ. 2ನೆಯ ಶತಮಾನದವೆಂದು ತಿಳಿದುಬಂತು. ಅಗ್ರಿಪ್ಪನ ಕಟ್ಟಡ ಬೆಂಕಿಗೆ ಆಹುತಿಯಾಗಿತ್ತು; ಸುಮಾರು 43 ಮೀಟರ್ ವ್ಯಾಸದ ಗುಮ್ಮಟವುಳ್ಳ ಇಂದಿನ ಕಟ್ಟಡ ಪೂರ್ಣಗೊಂಡದ್ದು ಚಕ್ರವರ್ತಿ ಹೇಡ್ರಿಯನನ ಕಾಲದಲ್ಲಿ. ಅವನು ಹಳೆಯ ನಿರ್ಮಾಪಕನ ಹೆಸರನ್ನೇ ಉಳಿಸಿದನು.

ಹೆಸರನ್ನು ಉಳಿಸಿದ ನಗರದಲ್ಲಿಯೇ ಹೆಸರನ್ನು ಅಳಿಸಿದ ಕುರುಹೂ ಇದೆ. ಫೋರಂನಲ್ಲಿರುವ ಸೆಪ್ಟಿಮಿಯಸ್ ಸೆವೆರಸನ ವಿಜಯದ ಕಮಾನು ಕ್ರಿ.ಶ. 203ರದು. ಅದರ ಶಾಸನದಲ್ಲಿ ಮೊದಲು ಚಕ್ರವರ್ತಿಯೊಡನೆ ಅವನ ಇಬ್ಬರು ಮಕ್ಕಳಾದ ಕ್ಯಾರಕಲ್ಲ ಮತ್ತು ಗೆಟರ ಹೆಸರುಗಳಿದ್ದವು. ತಂದೆ ತೀರಿಕೊಂಡ 211ನೆಯ ಇಸವಿಯಲ್ಲಿಯೇ ಕ್ಯಾರಕಲ್ಲನು ತಮ್ಮನನ್ನು ಕೊಲ್ಲಿಸಿ, ಅವನ ಹೆಸರು ಎಲ್ಲಿಯೂ ಉಳಿಯದಂತೆ ಮಾಡಲೆತ್ನಿಸಿದನು. ಕಮಾನಿನ ಮೇಲೆ ಗೆಟನ ಹೆಸರಿದ್ದ ಕಡೆ ಹೊಗಳಿಕೆಯ ಬಿರುದುಗಳು ಬಂದವು. ಆದರೂ ಮೊದಲಿನ ಲೋಹದ ಅಕ್ಷರಗಳನ್ನು ನಾಟಿದ್ದ ರಂಧ್ರಗಳು ಕಲ್ಲಿನಲ್ಲಿ ಉಳಿದು, ಅಳಿಸಿದ ಹೆಸರನ್ನು ಇಂದಿಗೂ ಓದಿಸುತ್ತವೆ.

ಇಂಥ ರಂಧ್ರಗಳೇ ಕೊಲೋಸಿಯಂನ ಚರಿತ್ರೆಗೂ ಬೆಳಕು ನೀಡಿವೆ. ಅಲ್ಲಿ 5ನೆಯ ಶತಮಾನದ ದುರಸ್ತಿಯನ್ನು ಹೇಳುವ ಕಲ್ಲೊಂದರಲ್ಲಿ ಅದಕ್ಕಿಂತ ಹಳೆಯ ಅಕ್ಷರಗಳ ರಂಧ್ರಗಳಿವೆ. ಅವುಗಳ ಆಧಾರದಿಂದ 1995ರಲ್ಲಿ ಗೇಜಾ ಆಲ್ಫೊಲ್ಡಿ ಎಂಬ ವಿದ್ವಾಂಸರು ಮೂಲಪಾಠವನ್ನು ಪುನಾರಚಿಸಿದರು. ಅದರಂತೆ ಚಕ್ರವರ್ತಿ ವೆಸ್ಪಾಸಿಯನನು ಈ ರಂಗಸ್ಥಳವನ್ನು ಯುದ್ಧದ ಕೊಳ್ಳೆಯಿಂದ ಕಟ್ಟಿಸಿದನು. ಆ ಯುದ್ಧ ಕ್ರಿ.ಶ. 70ರಲ್ಲಿ ಜೆರುಸಲೇಮ್ ದೇವಾಲಯದ ನಾಶಕ್ಕೆ ಕಾರಣವಾದ ಯೆಹೂದಿ ಯುದ್ಧವೆಂದು ವಿದ್ವಾಂಸರ ಅಭಿಪ್ರಾಯ. ಸಮೀಪದ ಟೈಟಸನ ಕಮಾನಿನ ಉಬ್ಬುಶಿಲ್ಪದಲ್ಲಿ, ಆ ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತು ತರುತ್ತಿದ್ದಾರೆ. ಈ ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ರೋಮಿನ ವೈಭವಕ್ಕೆ ಬೆಲೆ ತೆತ್ತವರು ಯಾರೆಂಬುದು ಅರಿವಾಗುತ್ತದೆ.

ಕೆಲವೊಮ್ಮೆ ತಪ್ಪು ಓದೂ ಕೃತಿಯನ್ನು ಕಾಪಾಡಿದೆ. ಕ್ಯಾಪಿಟೋಲಿನ್ ಗುಡ್ಡದ ವಸ್ತುಸಂಗ್ರಹಾಲಯದಲ್ಲಿರುವ ಮಾರ್ಕಸ್ ಅರೇಲಿಯಸನ ಕಂಚಿನ ಅಶ್ವಾರೂಢ ಪ್ರತಿಮೆಯನ್ನು ಮಧ್ಯಯುಗದ ಜನರು ಕ್ರೈಸ್ತಮತಕ್ಕೆ ಆಶ್ರಯವಿತ್ತ ಕಾನ್‌ಸ್ಟಂಟೈನನದೆಂದು ಭಾವಿಸಿದ್ದರು. ಇತರ ಕಂಚಿನ ಪ್ರತಿಮೆಗಳು ಕುಲುಮೆ ಸೇರಿದಾಗ ಇದು ಉಳಿಯಲು ಆ ಭಾವನೆಯೇ ಕಾರಣ.

ಶಾಸನವು ಬರೆಸಿದವನ ಇಚ್ಛೆಯನ್ನು ಹೇಳುತ್ತದೆ. ಇಟ್ಟಿಗೆಯ ಮುದ್ರೆಗೂ ಬರಿದಾದ ರಂಧ್ರಕ್ಕೂ ಅಂಥ ಇಚ್ಛೆಯಿಲ್ಲ. ರೋಮಿನ ಚರಿತ್ರೆಯನ್ನು ಬರೆಯುವವರಿಗೆ ಇವೆರಡೂ ಬೇಕು.