ಪಕ್ಕದಲ್ಲಿ ಕುಳಿತವನು

ನಮ್ಮ ಕಡೆ ಸಂಗೀತ ಬೈಠಕ್ಕಿನ ಕರಪತ್ರಕ್ಕೆ ಒಂದು ಪದ್ಧತಿಯುಂಟು. ಗವಾಯಿಗಳ ಹೆಸರು ದಪ್ಪ ಅಕ್ಷರಗಳಲ್ಲಿ. ಅದರ ಕೆಳಗೆ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು. ಇವರೆಲ್ಲ ಮುಗಿದು ಕಾಗದದಲ್ಲಿ ಇನ್ನೂ ಜಾಗ ಉಳಿದಿದ್ದರೆ, ಸಾಥ್: ತಬಲಾ ಇಂಥವರು, ಹಾರ್ಮೋನಿಯಂ ಇಂಥವರು. ಇಪ್ಪತ್ತೆಂಟು ವರ್ಷ ಹಾರ್ಮೋನಿಯಂ ಹೊತ್ತುಕೊಂಡು ಆ ಕೊನೆಯ ಸಾಲಿನಲ್ಲಿ ಸಂಸಾರ ಮಾಡಿದವನು ನಾನು. ದೂರೇನೂ ಇಲ್ಲ, ಗವಾಯಿಗಳ ಎಡಗಡೆ ಕುಳಿತು ಕೇಳುವ ಸಂಗೀತ ಮೊದಲ ಸಾಲಿನ ಸೋಫಾದವರಿಗೂ ಸಿಗುವುದಿಲ್ಲ. ಆದರೆ ಒಂದು ಚಟ ಮಾತ್ರ ಅಂಟಿಕೊಂಡಿತು. ಯಾವ ಎಲ್‌ಪಿ, ಯಾವ ಕ್ಯಾಸೆಟ್ಟು ಕೈಗೆ ಬಂದರೂ ಮೊದಲು ಹಿಂಬದಿ ತಿರುಗಿಸಿ, ಪಕ್ಕದಲ್ಲಿ ಕುಳಿತವನು ಯಾರು ಎಂದು ನೋಡುವುದು. ಹಾಗೆ ನೋಡುತ್ತ ನೋಡುತ್ತ ಅಮೆರಿಕದ ರೈ ಕೂಡರ್ ಎಂಬ ರಾಕ್ ಗಿಟಾರಿಗನ ಬೆನ್ನು ಹತ್ತಿದೆ.

ಹೆಸರು ಕೇಳಿ ಹಳಗನ್ನಡ ಓದಿದವರು ನಗಬಹುದು. ಬಾರರ್ ಎಂದರೆ ಬರುವುದಿಲ್ಲ, ಮಾಡರ್ ಎಂದರೆ ಮಾಡುವುದಿಲ್ಲ. ಆ ಲೆಕ್ಕದಲ್ಲಿ ಕೂಡರ್ ಎಂದರೆ ಕೂಡುವುದಿಲ್ಲ. ಈ ಮನುಷ್ಯನೋ ಜೀವಮಾನವೆಲ್ಲ ಮಾಡಿದ್ದು ಕೂಡುವ ಕೆಲಸವೊಂದನ್ನೇ. ಹುಟ್ಟಿದ್ದು 1947ರ ಮಾರ್ಚ್ 15ರಂದು, ಲಾಸ್ ಏಂಜಲೀಸ್‌ನಲ್ಲಿ. ನಾಲ್ಕನೆಯ ವಯಸ್ಸಿನಲ್ಲಿ ಚಾಕು ತಗುಲಿ ಒಂದು ಕಣ್ಣು ಹೋಯಿತು. ಹದಿನೇಳು ಹದಿನೆಂಟರ ವಯಸ್ಸಿಗೆ ತಾಜ್ ಮಹಲ್ ಎಂಬ ಕರಿಯ ಗಾಯಕನ ಜೊತೆ 'ರೈಸಿಂಗ್ ಸನ್ಸ್' ಎಂಬ ತಂಡದಲ್ಲಿ ನುಡಿಸುತ್ತಿದ್ದ. (ತಾಜ್ ಮಹಲ್ ಅವನು ತಾನೇ ಇಟ್ಟುಕೊಂಡ ಹೆಸರು, ಗಾಂಧೀಜಿಯ, ಹಿಂದುಸ್ತಾನದ ಕನಸು ಬಿದ್ದು ಆ ಹೆಸರು ಹೊಳೆಯಿತಂತೆ.) ಕೊಲಂಬಿಯಾ ಕಂಪನಿಯವರು ಒಂದು ಆಲ್ಬಮ್ಮಿಗಾಗುವಷ್ಟು ಹಾಡುಗಳನ್ನು ಮುದ್ರಿಸಿಕೊಂಡರು, ಒಂದೇ ಒಂದು ಸಿಂಗಲ್ ಹೊರತಂದರು, ಉಳಿದದ್ದನ್ನು ಕಪಾಟಿನಲ್ಲಿಟ್ಟರು. ಅದು ಬೆಳಕು ಕಂಡದ್ದು 1992ರಲ್ಲಿ. ಮುದ್ರಣವಾದಾಗ ಹುಟ್ಟಿದ ಮಕ್ಕಳಿಗೆ ಆಗ ಮದುವೆಯ ವಯಸ್ಸು.

1969ರಲ್ಲಿ ಲಂಡನ್ನಿಗೆ ಕರೆ ಬಂತು, ರೋಲಿಂಗ್ ಸ್ಟೋನ್ಸ್ ತಂಡದವರಿಂದ. ಅವರ 'ಲೆಟ್ ಇಟ್ ಬ್ಲೀಡ್' ತಟ್ಟೆಯಲ್ಲಿ ಒಂದು ಹಾಡಿಗೆ ಮ್ಯಾಂಡೊಲಿನ್, 1971ರ 'ಸ್ಟಿಕಿ ಫಿಂಗರ್ಸ್'ನಲ್ಲಿ 'ಸಿಸ್ಟರ್ ಮಾರ್ಫೀನ್' ಎಂಬ ಹಾಡಿಗೆ ಸ್ಲೈಡ್ ಗಿಟಾರ್, ಇಷ್ಟು ಕೂಡರನ ಹೆಸರಿನಲ್ಲಿ ದಾಖಲಾಗಿದೆ. ದಾಖಲಾಗದ್ದು ಇನ್ನೊಂದಿದೆ. ಗಿಟಾರಿನ ತಂತಿಗಳನ್ನು ರೂಢಿಯ ಶ್ರುತಿ ಬಿಟ್ಟು, ಬೆರಳಿಡದೆ ಮೀಟಿದರೂ ಪೂರ್ತಿ ಸ್ವರಮೇಳ ಹೊಮ್ಮುವಂತೆ ಹೊಂದಿಸುವ ಕ್ರಮವೊಂದಿದೆ. ಓಪನ್ ಜಿ ಎನ್ನುತ್ತಾರೆ. ದಕ್ಷಿಣ ಅಮೆರಿಕ ಸಂಸ್ಥಾನಗಳ ಕರಿಯ ಬ್ಲೂಸ್ ಗಾಯಕರ ಹಳೆಯ ಸೊತ್ತು ಅದು. ಕೂಡರ್ ಆ ಶ್ರುತಿಯಲ್ಲಿ ನುಡಿಸುತ್ತಿದ್ದರೆ ತಂಡದ ಕೀತ್ ರಿಚರ್ಡ್ಸ್ ಕಿವಿಗೊಟ್ಟು ಕೇಳಿದ. ಮುಂದೆ ಸ್ಟೋನ್ಸ್ ಎಂದರೆ ಜಗತ್ತಿಗೆ ಯಾವ ನಾದ ನೆನಪಾಗುತ್ತದೋ ಆ ನಾದ ಬಹುಮಟ್ಟಿಗೆ ಈ ಶ್ರುತಿಯದು. ತನ್ನ ಪಟ್ಟುಗಳನ್ನು ಎತ್ತಿಕೊಂಡರೆಂದು ಕೂಡರ್ ಆಗ ಬಹಿರಂಗವಾಗಿಯೇ ದೂರಿದ್ದುಂಟು. ರಿಚರ್ಡ್ಸ್ ತನ್ನ ಆತ್ಮಕಥೆಯಲ್ಲಿ, ಈ ಶ್ರುತಿ ಕಲಿತದ್ದು ಕೂಡರನಿಂದ ಎಂದು ಒಪ್ಪಿಕೊಂಡ. ಆ ಪುಸ್ತಕ ಬಂದದ್ದು 2010ರಲ್ಲಿ. ನಲವತ್ತೊಂದು ವರ್ಷ ತಡ.

ಸಾಥ್ ಮಾಡಿದವರಿಗೆ ಇದು ಹೊಸ ಕಥೆಯಲ್ಲ. ಬೈಠಕ್ಕಿನಲ್ಲಿ ನೀವು ಬಿಟ್ಟ ಒಂದು ತುಣುಕನ್ನು ಗವಾಯಿಗಳು ಹಿಡಿದು ಬೆಳೆಸುತ್ತಾರೆ, ಸಭೆ ವಾಹ್ ಎನ್ನುತ್ತದೆ, ಆ ವಾಹ್ ನಿಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ಆದರೆ ಆ ತುಣುಕು ನಿಮಗೆ ಬಂದದ್ದಾದರೂ ಎಲ್ಲಿಂದ? ಕೂಡರನಿಗೂ ಆ ಶ್ರುತಿ ಬಂದದ್ದು ಹೆಸರು ಉಳಿಯದ ಎಷ್ಟೋ ಕೈಗಳಿಂದ. ಅವನ ಮುಂದಿನ ಐವತ್ತು ವರ್ಷಗಳ ತಟ್ಟೆಗಳನ್ನು ಕೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಇದೇ ಪ್ರಶ್ನೆ: ತನ್ನದನ್ನು ಬೇರೆಯವರು ಎತ್ತಿಕೊಂಡರೆಂದು ನೊಂದವನು, ಬೇರೆಯವರದನ್ನು ತಾನು ಎತ್ತಿಕೊಳ್ಳುವ ಹೊತ್ತು ಬಂದಾಗ ಹೇಗೆ ನಡೆದುಕೊಂಡ?

1970ರಿಂದ ಅವನ ಸ್ವಂತ ತಟ್ಟೆಗಳು ಬರತೊಡಗಿದವು. ಸ್ವಂತ ಎಂದರೂ ಹಾಡುಗಳು ಹೆಚ್ಚಿನವು ಹಳೆಯವು. ಬಡಗಿಗಳ, ಸಾಲಗಾರ ರೈತರ, ಅಲೆಮಾರಿಗಳ ಹಾಡುಗಳು. ರಾಕ್‌ ಗಾಯಕರೆಲ್ಲ ತಮ್ಮ ಅಂತರಂಗ ತೋಡಿಕೊಳ್ಳುತ್ತಿದ್ದ ಕಾಲದಲ್ಲಿ ಇವನು ಅಜ್ಜಂದಿರ ಪೆಟ್ಟಿಗೆ ಜಾಲಾಡುತ್ತಿದ್ದ. 1974ರ 'ಪ್ಯಾರಡೈಸ್ ಅಂಡ್ ಲಂಚ್'ನಲ್ಲಿ ಜಾಝ್ ಪಿಯಾನೊದ ಭೀಷ್ಮ ಅರ್ಲ್ ಹೈನ್ಸ್‌ನನ್ನು ಒಂದು ಹಾಡಿಗೆ ಕರೆತಂದ. ಹೈನ್ಸ್‌ಗೆ ಆಗ ಎಪ್ಪತ್ತರ ಹತ್ತಿರ. ಬರಿಯ ಗಿಟಾರ್, ಬರಿಯ ಪಿಯಾನೊ. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ತುಂಡರಿಸದೆ ಹರಟೆ ಹೊಡೆದ ಹಾಗಿದೆ. 1976ರಲ್ಲಿ 'ಚಿಕನ್ ಸ್ಕಿನ್ ಮ್ಯೂಸಿಕ್'. ಕೋಳಿ ಚರ್ಮ ಎಂದರೆ ಹವಾಯಿ ದ್ವೀಪದವರ ಮಾತಿನಲ್ಲಿ ಮೈ ಜುಮ್ಮೆನ್ನುವುದು, ನಮ್ಮ ರೋಮಾಂಚನ. ಅದರಲ್ಲಿ ಒಂದು ಕಡೆ ಟೆಕ್ಸಾಸ್‌ನ ಮೆಕ್ಸಿಕನ್ ಮೂಲದ ಫ್ಲಾಕೊ ಹಿಮೆನೆಸ್‌ನ ಅಕಾರ್ಡಿಯನ್, ಇನ್ನೊಂದು ಕಡೆ ಹವಾಯಿಯ ಗ್ಯಾಬಿ ಪಹಿನುಯಿಯ ಗಿಟಾರ್. ಮೆಚ್ಚಬೇಕಾದ ಸಂಗತಿಯೆಂದರೆ, ಇವರನ್ನು ತನ್ನ ತಟ್ಟೆಗೆ ಕರೆಯುವ ಮೊದಲು ಕೂಡರ್ ತಾನೇ ಹವಾಯಿಗೆ ಹೋಗಿ ಗ್ಯಾಬಿಯ 1975ರ ತಟ್ಟೆಯಲ್ಲಿ ಪಕ್ಕವಾದ್ಯ ನುಡಿಸಿ ಬಂದಿದ್ದ. ಮೊದಲು ಅವರ ಮನೆಯ ಕೆಲಸಕ್ಕೆ ಕೈ ಹಚ್ಚಿ, ಆಮೇಲೆ ತನ್ನ ಮನೆಗೆ ಊಟಕ್ಕೆ ಕರೆದ ಹಾಗೆ. 1979ರ 'ಬಾಪ್ ಟಿಲ್ ಯೂ ಡ್ರಾಪ್' ದೊಡ್ಡ ಕಂಪನಿಯೊಂದು ಹೊರತಂದ ಮೊದಲ ಡಿಜಿಟಲ್ ಮುದ್ರಣದ ರಾಕ್ ತಟ್ಟೆ ಎಂದು ಚರಿತ್ರೆ ಸೇರಿದೆ. ನನಗೆ ಅದು ಅಷ್ಟು ಹಿಡಿಸಲಿಲ್ಲ.

ಎಂಬತ್ತರ ದಶಕ ಹೆಚ್ಚಾಗಿ ಸಿನಿಮಾಗಳಿಗೆ ಹೋಯಿತು. ಅವುಗಳಲ್ಲಿ ಒಂದನ್ನು ಹೇಳಲೇಬೇಕು, ವಿಮ್ ವೆಂಡರ್ಸ್ ನಿರ್ದೇಶಿಸಿದ 1984ರ 'ಪ್ಯಾರಿಸ್, ಟೆಕ್ಸಾಸ್'. ಮರುಭೂಮಿಯಲ್ಲಿ ಒಬ್ಬ ಮಾತು ಬಿಟ್ಟ ಮನುಷ್ಯ ನಡೆಯುತ್ತಿರುತ್ತಾನೆ. ಹಿನ್ನೆಲೆಯಲ್ಲಿ ಕೂಡರನ ಸ್ಲೈಡ್ ಗಿಟಾರ್. ಆ ಧಾಟಿಯ ಮೂಲ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಟೆಕ್ಸಾಸ್‌ನ ಕುರುಡ ಗಾಯಕ 1927ರಲ್ಲಿ ಮುದ್ರಿಸಿದ ಒಂದು ತುಣುಕು. ಅದರಲ್ಲಿ ಪದಗಳಿಲ್ಲ, ಬರೀ ಗುನುಗುವಿಕೆ ಮತ್ತು ಗಿಟಾರ್. ಕೂಡರ್ ಅದನ್ನು ತನ್ನ ಮೊದಲ ತಟ್ಟೆಯಲ್ಲೇ ನುಡಿಸಿದ್ದ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಆಕಾಶಕ್ಕೆ ಕಳಿಸಿದ ಚಿನ್ನದ ತಟ್ಟೆಯಲ್ಲೂ ಈ ಕುರುಡನ ಗುನುಗು ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಆ ಖಾನ್‌ಸಾಹೇಬರ ಮಕ್ಕಳಾದ ಮಂಜೀ ಖಾನ್, ಭುರ್ಜೀ ಖಾನರ ಹತ್ತಿರ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಕೂಡರನ ಕಥೆ ಹೇಳುತ್ತ ಮನ್ಸೂರರ ಮನೆಯಂಗಳಕ್ಕೆ ಬಂದೆನೆಂದು ಓದುಗರು ಬೇಸರಿಸಬಾರದು. ಸಂಗೀತದವರ ಮಾತು ಹೀಗೇ, ಎಲ್ಲಿ ಹೊರಟರೂ ಮನೆ ದಾರಿ.

ಈಗ ಜೈಪುರದ ವಿಶ್ವಮೋಹನ ಭಟ್ಟರ ವಿಷಯ. ರವಿಶಂಕರರ ಶಿಷ್ಯರಾದ ಭಟ್ಟರು ಹವಾಯಿ ಗಿಟಾರಿಗೆ ಚಿಕಾರಿ, ತರಬ್ ತಂತಿಗಳನ್ನು ಏರಿಸಿ ಮೋಹನವೀಣೆ ಎಂದು ಕರೆದರು. ಅವರಿಗಿಂತ ಮೊದಲೇ ಬ್ರಿಜಭೂಷಣ ಕಾಬ್ರಾ ಅವರು ಹವಾಯಿ ಗಿಟಾರನ್ನು ನಮ್ಮ ರಾಗಗಳಿಗೆ ಒಗ್ಗಿಸಿದ್ದರು. 1967ರ 'ಕಾಲ್ ಆಫ್ ದ ವ್ಯಾಲಿ' ಎಲ್‌ಪಿ ಒಂದು ಕಾಲಕ್ಕೆ ಸಂಗೀತಾಸಕ್ತರ ಮನೆಮನೆಯಲ್ಲೂ ಇತ್ತು. 1992ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಒಂದು ಚರ್ಚಿನಲ್ಲಿ ಕಾವಿಚಂದ್ರನ್ ಅಲೆಕ್ಸಾಂಡರ್ ಎಂಬ ಮುದ್ರಣಕಾರರು ಭಟ್ಟರನ್ನೂ ಕೂಡರನನ್ನೂ ಎದುರುಬದುರು ಕೂರಿಸಿದರು. ಅದಕ್ಕೆ ಒಂದು ಗಂಟೆ ಮೊದಲು ಇಬ್ಬರಿಗೂ ಮುಖಪರಿಚಯವೂ ಇರಲಿಲ್ಲ. ತಬಲಾಕ್ಕೆ ಸುಖವಿಂದರ್ ಸಿಂಗ್ ನಾಮಧಾರಿ. ದುಂಬೆಕ್ ಎಂಬ ಅರಬ್ಬೀ ಚರ್ಮವಾದ್ಯಕ್ಕೆ ಕೂಡರನ ಹದಿನಾಲ್ಕು ವರ್ಷದ ಮಗ ಜೋಆಕಿಮ್. ತಾಲೀಮಿಲ್ಲ, ನುಡಿಸಿದ್ದರ ಮೇಲೆ ತಿದ್ದುಪಡಿ ಇಲ್ಲ. ಹಾಗೆ ತಯಾರಾದ ನಾಲ್ಕು ತುಣುಕುಗಳೇ 'ಎ ಮೀಟಿಂಗ್ ಬೈ ದ ರಿವರ್'. 1994ರಲ್ಲಿ ಇಬ್ಬರಿಗೂ ಗ್ರ್ಯಾಮಿ ಪ್ರಶಸ್ತಿ ಬಂತು.

ಅಮೆರಿಕದಿಂದ ಬಂದ ಪರಿಚಯದ ಹುಡುಗನೊಬ್ಬ ಆ ಕ್ಯಾಸೆಟ್ಟು ಕೊಟ್ಟಾಗ ನಾನು ಅದನ್ನು ಸಾಥ್‌ದವನ ಕಿವಿಯಿಂದಲೇ ಕೇಳಿದೆ. ಭಟ್ಟರದು ಮಡಿಲಲ್ಲಿ ಮಲಗಿಸಿದ ವಾದ್ಯ, ತಂತಿಯ ಮೇಲೆ ಜಾರುವ ಉಕ್ಕಿನ ಸಲಾಕೆ. ಕೂಡರನದು ಎದೆಗವಚಿ ನಿಲ್ಲಿಸಿದ ಗಿಟಾರ್, ಬೆರಳಿಗೆ ತೊಟ್ಟ ಸೀಸೆಯ ಕತ್ತು. ಇಬ್ಬರದೂ ಮೀಂಡಿನ ಸಂಸಾರವೇ. ಆದರೆ ತಯಾರಿಯಲ್ಲಿ ಎಲ್ಲಿಯ ಭಟ್ಟರು, ಎಲ್ಲಿಯ ಕೂಡರ್! ಭಟ್ಟರು ದ್ರುತ್‌ಗೆ ಏರಿದರೆ ಹಿಂಬಾಲಿಸುವ ಬಲ ಇವನಿಗಿಲ್ಲ. ಇಂಥ ಹೊತ್ತಿನಲ್ಲಿ ಎಳೆಯ ಸಾಥ್‌ದವರು ಮಾನ ಉಳಿಸಿಕೊಳ್ಳಲು ಗಡಬಡಿಸಿ ಎಲ್ಲ ಸ್ವರಗಳ ಮೇಲೂ ಕೈ ಆಡಿಸುತ್ತಾರೆ. ಕೂಡರ್ ಹಾಗೆ ಮಾಡುವುದಿಲ್ಲ. ಕೆಳಗಿನ ಸಪ್ತಕದಲ್ಲಿ ಒಂದೆರಡು ಸ್ವರ ಇಟ್ಟು ಜಾಗ ಬಿಡುತ್ತಾನೆ. ಭಟ್ಟರು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ನೆಲ ಅಲ್ಲಿಯೇ ಇರುತ್ತದೆ. ಕಡೆಯ ತುಣುಕು 'ಇಸಾ ಲೇಯ್', ಫಿಜಿ ದ್ವೀಪದವರು ಬೀಳ್ಕೊಡುವಾಗ ಹಾಡುವ ಹಾಡಿನದು. ಅಲ್ಲಿ ಸರದಿ ಬದಲಾಗುತ್ತದೆ. ಅದು ಕೂಡರನ ಸಮುದ್ರ, ಭಟ್ಟರು ಅತಿಥಿ. ಈಗ ಭಟ್ಟರೂ ಅಷ್ಟೇ ಸೌಜನ್ಯದಿಂದ ಸ್ವರ ಕಡಿಮೆ ಮಾಡುತ್ತಾರೆ.

ಮರುವರ್ಷವೇ ಮಾಲಿ ದೇಶದ ಅಲಿ ಫರ್ಕಾ ತೂರೆಯ ಜೊತೆ ಕುಳಿತು ಮುದ್ರಿಸಿದ ತಟ್ಟೆ 'ಟಾಕಿಂಗ್ ಟಿಂಬಕ್ಟು' 1994ರಲ್ಲಿ ಬಂತು, ಅದಕ್ಕೂ ಗ್ರ್ಯಾಮಿ. ತೂರೆ ನೈಜರ್ ನದಿಯ ದಂಡೆಯ ರೈತ. ಸಂಗೀತಕ್ಕಿಂತ ಬೇಸಾಯ ದೊಡ್ಡದೆಂದು ತಿಳಿದಿದ್ದ; ಮುಂದೆ ತನ್ನ ಊರಿನ ಮೇಯರ್ ಆದ; 2006ರಲ್ಲಿ ತೀರಿಕೊಂಡ.

ಇನ್ನು ಹವಾನಾ. 1996ರ ಮಾರ್ಚ್‌ನಲ್ಲಿ ವರ್ಲ್ಡ್ ಸರ್ಕಿಟ್ ಕಂಪನಿಯ ನಿಕ್ ಗೋಲ್ಡ್ ಕೂಡರನನ್ನು ಕ್ಯೂಬಾಕ್ಕೆ ಕರೆಸಿದ್ದು ಮಾಲಿಯ ಗಿಟಾರಿಗರನ್ನೂ ಕ್ಯೂಬಾದವರನ್ನೂ ಒಟ್ಟಿಗೆ ನುಡಿಸಲೆಂದು. ವೀಸಾದ ತೊಡಕಿನಿಂದ ಮಾಲಿಯವರು ಬರಲಿಲ್ಲ. ಸ್ಟುಡಿಯೊ ಇದೆ, ದಿನ ಗೊತ್ತಾಗಿದೆ, ಅತಿಥಿಗಳಿಲ್ಲ. ಆಗ ಹ್ವಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಎಂಬ ಹವಾನಾದ ಸಂಗೀತಗಾರ, ಮರೆತುಹೋಗಿದ್ದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೂಡಿಹಾಕಿದ. ರುಬೆನ್ ಗೊನ್ಸಾಲೆಸ್, ವಯಸ್ಸು 76, ಬೆರಳಿಗೆ ಸಂಧಿವಾತ, ಮನೆಯಲ್ಲಿ ಪಿಯಾನೊ ಇಲ್ಲ. ಕಾಂಪೈ ಸೆಗುಂಡೊ, 88. ಬೊಲೇರೊ ಹಾಡಲು ಮೃದುವಾದ ಕಂಠ ಬೇಕೆಂದಾಗ ಕರೆತಂದದ್ದು ಇಬ್ರಾಹಿಂ ಫೆರರ್‌ನನ್ನು. 69ರ ಅವನು ಹಾಡು ಬಿಟ್ಟು ಬೂಟ್ ಪಾಲಿಶ್ ಮಾಡಿ ದಿನ ನೂಕುತ್ತಿದ್ದ. ಆರು ದಿನಗಳ ಮುದ್ರಣ. 1997ರಲ್ಲಿ 'ಬ್ಯುನಾ ವಿಸ್ಟಾ ಸೋಶಿಯಲ್ ಕ್ಲಬ್' ಬಂತು, 1998ರಲ್ಲಿ ಗ್ರ್ಯಾಮಿ, ಅದೇ ವರ್ಷ ಜುಲೈ 1ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ, 1999ರಲ್ಲಿ ವೆಂಡರ್ಸ್‌ನ ಸಾಕ್ಷ್ಯಚಿತ್ರ. ಶತ್ರುದೇಶದ ಜೊತೆ ವ್ಯವಹಾರ ಮಾಡಬಾರದೆಂಬ ಕಾಯಿದೆಯಡಿ ಅಮೆರಿಕ ಸರಕಾರ ಕೂಡರನಿಗೆ 25,000 ಡಾಲರ್ ದಂಡ ಹಾಕಿತು.

ನನ್ನ ಪ್ರಶ್ನೆ ಎದುರು ನಿಲ್ಲುವುದು ಇಲ್ಲಿಯೇ. ಆ ತಟ್ಟೆಯಲ್ಲಿ ಹಾಡಿದವರು ಕ್ಯೂಬಾದವರು, ಹಾಡುಗಳು ಕ್ಯೂಬಾದವು, ಜನರನ್ನು ಕೂಡಿಸಿದವನು ಹ್ವಾನ್ ದೆ ಮಾರ್ಕೋಸ್. ಪತ್ರಿಕೆಗಳು ಬರೆದದ್ದು ಮಾತ್ರ ಕೂಡರ್ ಅವರನ್ನೆಲ್ಲ 'ಪತ್ತೆಹಚ್ಚಿದ' ಎಂದು! ಕೊಲಂಬಸ್ಸನ ಕಾಲದಿಂದ ಆ ಸಮುದ್ರದಲ್ಲಿ ಇದೇ ಹಾಡು. ವೆಂಡರ್ಸ್‌ನ ಚಿತ್ರದಲ್ಲೂ ಕೂಡರನೂ ಮಗನೂ ಪಕ್ಕದ ತೊಟ್ಟಿಲಿನ ಮೋಟಾರ್‌ಸೈಕಲ್ಲಿನಲ್ಲಿ ಹವಾನಾ ಸುತ್ತುವುದನ್ನು ಬೇಕಾದ್ದಕ್ಕಿಂತ ಹೆಚ್ಚು ತೋರಿಸಿದ್ದಾರೆಂದು ನನಗನ್ನಿಸಿತು. ಕೆಲವು ಹಾಡುಗಳಲ್ಲಿ ಅವನ ಸ್ಲೈಡ್ ಕೂಡ ಹೊರಗಿನಿಂದ ಬಂದ ನೆಂಟನ ಹಾಗೆ ಕೇಳುತ್ತದೆ. ಇಷ್ಟೂ ನಿಜ. ಆದರೆ ಮುಖಪುಟದ ಚಿತ್ರದಲ್ಲಿ ಹವಾನಾದ ಬೀದಿಯಲ್ಲಿ ನಡೆದು ಬರುತ್ತಿರುವವನು ಫೆರರ್. ಅದೇ ಮಾರ್ಚ್‌-ಏಪ್ರಿಲ್ ಹೊತ್ತಿನಲ್ಲಿ ಅದೇ ಸ್ಟುಡಿಯೊದಲ್ಲಿ ರುಬೆನ್ ಅಜ್ಜನ ಹೆಸರಿನಲ್ಲೇ ಒಂದು ತಟ್ಟೆ ಎರಡು ದಿನಗಳಲ್ಲಿ ಮುದ್ರಣವಾಯಿತು. 1999ರಲ್ಲಿ ಫೆರರ್‌ನದೇ ತಟ್ಟೆ, ನಿರ್ಮಾಣ ಕೂಡರನದು. 2003ರಲ್ಲಿ ಇನ್ನೊಂದು, ಅದಕ್ಕೆ ಗ್ರ್ಯಾಮಿ. ಪ್ರಶಸ್ತಿ ಪಡೆಯಲು ಹೊರಟ ಫೆರರ್‌ಗೆ 2004ರಲ್ಲಿ ಅಮೆರಿಕ ವೀಸಾ ಕೊಡಲಿಲ್ಲ. ಮರುವರ್ಷ ಅವನು ಹೋಗಿಬಿಟ್ಟ. ಕಾಂಪೈ, ರುಬೆನ್ ಇಬ್ಬರೂ 2003ರಲ್ಲೇ ತೀರಿಕೊಂಡಿದ್ದರು. ಬದುಕಿನ ಕಡೆಯ ಏಳೆಂಟು ವರ್ಷ ಅವರು ತುಂಬಿದ ಸಭೆಗಳ ಮುಂದೆ ತಮ್ಮ ಹೆಸರಿನಲ್ಲೇ ಹಾಡಿದರು, ನುಡಿಸಿದರು. ಹ್ವಾನ್ ದೆ ಮಾರ್ಕೋಸನ ಪಾಲಿನ ಕೀರ್ತಿ ಅವನಿಗೆ ಪೂರ್ತಿ ಸಂದಿಲ್ಲವೆಂಬುದು ನನ್ನ ತಕರಾರು, ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಮಾಲಿಯವರು, ಕ್ಯೂಬಾದವರು ಕೊನೆಗೂ ಕೂಡಿ ನುಡಿಸಿದ 'ಆಫ್ರೊಕ್ಯೂಬಿಸಂ' 2010ರಲ್ಲಿ ಬಂತು. ಅದರಲ್ಲಿ ಕೂಡರ್ ಇಲ್ಲ.

ಆಮೇಲೆ ಅವನು ತನ್ನ ಊರಿಗೇ ತಿರುಗಿದ. ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕನ್ ಮೂಲದವರಿದ್ದ ಚಾವೆಸ್ ರವೀನ್ ಎಂಬ ಬಡವರ ಕೇರಿಯನ್ನು 1950ರ ದಶಕದಲ್ಲಿ ಒಕ್ಕಲೆಬ್ಬಿಸಿದರು; ಅಲ್ಲಿ 1962ರಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಎದ್ದಿತು. ಆ ಕೇರಿಯ ಮೇಲೆ 2005ರಲ್ಲಿ ಒಂದು ತಟ್ಟೆ ಮಾಡಿದ. ಹಳೆಯ ಮೆಕ್ಸಿಕನ್ ಅಮೆರಿಕನ್ ಹಾಡುಗಾರ ಲಾಲೊ ಗೆರೆರೊನಿಂದ ಅದರಲ್ಲಿ ಹಾಡಿಸಿದ. ತಟ್ಟೆ ಹೊರಬರುವ ಕೆಲವು ತಿಂಗಳ ಮೊದಲು, 88ರ ವಯಸ್ಸಿನಲ್ಲಿ, ಗೆರೆರೊ ಕಣ್ಣುಮುಚ್ಚಿದ.

ತಾಜ್ ಮಹಲ್ ಏನಾದ ಎಂದು ಕೇಳುತ್ತೀರಿ. ಅವನು 1995ರಲ್ಲಿ ಅದೇ ಕಾವಿಚಂದ್ರನ್ ಅವರ ಕಂಪನಿಗೆ, ಅದೇ ವಿಶ್ವಮೋಹನ ಭಟ್ಟರ ಜೊತೆ ಒಂದು ತಟ್ಟೆ ಮಾಡಿದ. ಹೆಸರು 'ಮುಮ್ತಾಜ್ ಮಹಲ್'. ಅದರಲ್ಲಿ ಮೂರನೆಯವರು ನಮ್ಮ ಮೈಸೂರಿನಲ್ಲಿ ಹುಟ್ಟಿದ ಎನ್. ರವಿಕಿರಣ್. ಅವರದು ಚಿತ್ರವೀಣೆ, ಅಂದರೆ ಗೋಟುವಾದ್ಯ. ಅದೂ ಮೆಟ್ಟಿಲಿಲ್ಲದ ದಂಡಿಯ ಮೇಲೆ ಜಾರಿಸಿಯೇ ನುಡಿಸುವಂಥದು. ಕೂಡರ್, ತಾಜ್ ಮಹಲ್ ಇಬ್ಬರ ಹೆಸರಿನಲ್ಲೂ ಮತ್ತೆ ಒಂದು ತಟ್ಟೆ ಬಂದದ್ದು 2022ರ ಏಪ್ರಿಲ್‌ನಲ್ಲಿ, 'ಗೆಟ್ ಆನ್ ಬೋರ್ಡ್'. ಒಬ್ಬನಿಗೆ 75, ಇನ್ನೊಬ್ಬ 80ರ ಹೊಸ್ತಿಲಲ್ಲಿ. ಹಾಡುಗಳು ಸಾನಿ ಟೆರಿ ಮತ್ತು ಬ್ರೌನಿ ಮೆಗೀ ಎಂಬ ಹಳೆಯ ಜೋಡಿಯವು. ಆ ಜೋಡಿಯಲ್ಲಿ ಒಬ್ಬನದು ಮೌತ್ ಆರ್ಗನ್, ಒಬ್ಬನದು ಗಿಟಾರ್. ಮುಪ್ಪಿನಲ್ಲಿ ಇಬ್ಬರಿಗೂ ಮಾತು ನಿಂತುಹೋಗಿತ್ತು. ಇಲ್ಲಿ ಮೌತ್ ಆರ್ಗನ್ ತಾಜ್ ಮಹಲನದು, ಗಿಟಾರ್ ಕೂಡರನದು. ಡ್ರಮ್ಸು ಮತ್ತು ಬಾಸ್ ಗಿಟಾರ್ ಜೋಆಕಿಮ್‌ನದು, ಸಾಂತಾ ಬಾರ್ಬರಾದ ಚರ್ಚಿನಲ್ಲಿ ದುಂಬೆಕ್ ಬಾರಿಸಿದ ಆ ಹುಡುಗ.